ಕಾಳಿಗೆ ಕಲ್ಲು, ಕರಿಯನಿಗೆ ಮಜ್ಜಿಗೆ

ಬೆಟಗೇರಿಯ ನಮ್ಮ ಓಣಿಯಲ್ಲಿ ನಾಯಿ ಕಾರಿಕೊಂಡರೆ ಮೊದಲ ದಿನ ಬರುವ ಮಾತು ಒಂದೇ: "ಗರಿಕಿ ತಿಂದೈತಿ, ಬಿಡ್ರಿ." ಎರಡನೆಯ ದಿನವೂ ಕಾರಿಕೊಂಡರೆ, "ಮಜ್ಜಿಗಿ ಹಾಕ್ರಿ, ತಂಪಾಕ್ಕೈತಿ." ಮೂರನೆಯ ದಿನಕ್ಕೆ, "ಯಾರದೋ ದೃಷ್ಟಿ ಬಿದ್ದೈತಿ." ಹಿಂದಿನ ಮಳೆಗಾಲದಲ್ಲಿ ನಮ್ಮ ಕರಿಯನಿಗೆ ಈ ಮೂರೂ ಮಾತುಗಳನ್ನು ನಾವು ಇದೇ ಕ್ರಮದಲ್ಲಿ ಪಾಲಿಸಿದೆವು. ಕಪ್ಪತಗುಡ್ಡದ ಅಂಚಿನ ಕುರಿಹಟ್ಟಿಯೊಂದರಿಂದ ತಂದ ಮರಿ, ಆಗಿನ್ನೂ ಮೂರು ತಿಂಗಳು. ಅವ್ವ ಕಡೆದ ಮಜ್ಜಿಗೆಯಲ್ಲಿ ಮೆತ್ತಗಿನ ಅನ್ನ ಕಲಸಿ ಇಟ್ಟಳು. ಅದು ಮೂಸಿ ನೋಡಿ ಮುಖ ತಿರುಗಿಸಿತು. ನಾಲ್ಕನೆಯ ದಿನ ಭೇದಿಯಲ್ಲಿ ರಕ್ತ ಬಂದಾಗ ಆಟೊ ಹಿಡಿದೆವು. ಡಾಕ್ಟರು ಸಲೈನ್ ಹಚ್ಚಿದರು, ಕಣ್ಣ ರೆಪ್ಪೆ ಬಿಡಿಸಿ ನೋಡಿದರು, "ಪಾರ್ವೊ. ಮೊದಲನೇ ದಿನ ತರಬೇಕಿತ್ತು" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕರಿಯ ಆ ರಾತ್ರಿ ಸತ್ತಿತು.

ಗರಿಕೆ, ಮಜ್ಜಿಗೆ, ದೃಷ್ಟಿ. ಈ ಕ್ರಮ ಎಲ್ಲಿಂದ ಬಂತು, ಯಾವ ಕಾಲಕ್ಕೆ ಇದು ಸರಿಯಿತ್ತು, ಎಲ್ಲಿ ತಪ್ಪಿತು ಎಂದು ಆಮೇಲೆ ನಾವು ಕೇಳತೊಡಗಿದೆವು. ಸುದ್ದಿಗೆಂದು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗೆ ಬೈಕಿನಲ್ಲಿ ಹೋಗುವವರು ನಾವು. ತಾಲ್ಲೂಕು ಕಚೇರಿಯ ಸುದ್ದಿ ಮುಗಿದ ಮೇಲೆ ನಾಯಿಯ ಹೊಟ್ಟೆಯ ಸುದ್ದಿ ಕೇಳುವುದು ಅಭ್ಯಾಸವಾಯಿತು. ಜನ ನಕ್ಕರೂ ಕೇಳಿದ್ದಕ್ಕೆ ಉತ್ತರ ಕೊಟ್ಟರು.

ನಮ್ಮ ಸೀಮೆಯ ನಾಯಿ ಇತಿಹಾಸಕ್ಕೆ ಸೇರಿದ ದೊಡ್ಡ ದಾಖಲೆ ಇಲ್ಲಿಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949-50ರ ಕಲ್ಲು. ನಾಯಿ ಮತ್ತು ಹಂದಿ ಎದುರುಬದುರಾಗಿ ಕಾದಾಡುವ ಚಿತ್ರ ಅದರ ಮೇಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನ ಮೇಲೆ ಕಾದಿದಾಗ ಅವನ ಜೊತೆ ಗಂಗರ ಬೂತುಗ ಇದ್ದ, ಬೂತುಗನ ಕಡೆ ಮಣಲೆರನೆಂಬ ವೀರನಿದ್ದ. ಮೆಚ್ಚಿದ ಒಡೆಯ ಏನು ಬೇಕು ಕೇಳು ಎಂದಾಗ ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಆ ಕಾಳಿಯನ್ನು ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಮಣಲೆರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಅಲ್ಲಿನ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟಲಿ ಎಂಬ ಶಾಪವೂ ಅದರಲ್ಲಿದೆ.

ಗದಗಿನವರು ಈ ಕಲ್ಲಿನ ಬಗ್ಗೆ ಯಾಕೆ ತಿಳಿಯಬೇಕು? ಅದೇ ಕಲ್ಲಿನಲ್ಲಿ ನಮ್ಮೂರ ಹೆಸರೂ ಇದೆ. ಗೆದ್ದ ಬೂತುಗನಿಗೆ ಕೃಷ್ಣ ಕೊಟ್ಟ ನಾಡುಗಳ ಪಟ್ಟಿಯಲ್ಲಿ ಬನವಾಸಿ ಪನ್ನಿರ್ಛಾಸಿರದ ಜೊತೆ ಬೆಳ್ವೊಲ 300, ಪುರಿಗೆರೆ 300 ಬರುತ್ತವೆ. ಬೆಳ್ವೊಲ ಎಂದರೆ ಗದಗ, ಅಣ್ಣಿಗೇರಿ, ಲಕ್ಕುಂಡಿಯ ಕಪ್ಪು ನೆಲ. ಪುರಿಗೆರೆ ಎಂದರೆ ಪುಲಿಗೆರೆ, ಇಂದಿನ ಲಕ್ಷ್ಮೇಶ್ವರ. ಅಂದರೆ ಒಂದೇ ಕಲ್ಲಿನ ಮೇಲೆ ಒಬ್ಬನಿಗೆ ಲಕ್ಷ್ಮೇಶ್ವರ ಸಿಕ್ಕಿತು, ಇನ್ನೊಬ್ಬನಿಗೆ ನಾಯಿ ಸಿಕ್ಕಿತು. ಯಾರಿಗೆ ಲಾಭವಾಯಿತು ಎಂದು ಸೋಮೇಶ್ವರ ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರನ್ನು ಕೇಳಿದೆವು. "ನಾಯಿ ತೊಗೊಂಡಾಂವ ಶಾಣ್ಯಾ" ಎಂದರು.

ಆದರೆ ಒಂದು ವಿಷಯ ಗಮನಿಸಬೇಕು. ಕಾಳಿಗೆ ಕಲ್ಲು ಬಂದದ್ದು ಸತ್ತ ಮೇಲೆ. ಅದು ಬದುಕಿದ್ದಾಗ ಏನು ತಿನ್ನುತ್ತಿತ್ತು, ಹೊಟ್ಟೆ ಕೆಟ್ಟಾಗ ಯಾರು ಏನು ಕುಡಿಸುತ್ತಿದ್ದರು ಎಂಬುದು ಕಲ್ಲಿಗೆ ಬೇಕಾಗಿರಲಿಲ್ಲ. ಅದರ ಮುಂದಿನ ಶತಮಾನಗಳಲ್ಲಿ ಕನ್ನಡದಲ್ಲಿ ಬಳಕೆಯ ಶಾಸ್ತ್ರಗಳು ಬಂದವು. 1025ರ ಸುಮಾರಿಗೆ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಅಡುಗೆಯಿದೆ, ಬಾವಿಗೆ ನೀರು ಹುಡುಕುವ ಬಗೆಯಿದೆ, ಗಿಡಮರಗಳ ಆರೈಕೆಯಿದೆ, ವಿಷವೈದ್ಯವಿದೆ. ಚಾಲುಕ್ಯ ಮನೆತನದ ಕೀರ್ತಿವರ್ಮ 'ಗೋವೈದ್ಯ' ಬರೆದ. ಅಭಿನವಚಂದ್ರ 'ಅಶ್ವವೈದ್ಯ' ಬರೆದ. ಕಲ್ಯಾಣದ ಮೂರನೆಯ ಸೋಮೇಶ್ವರ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ನಾಯಿಗಳಿಗೆಂದೇ ಸಾರಮೇಯವಿನೋದ ಎಂಬ ಭಾಗ ಇಟ್ಟ. ಹೆಸರೇ ಹೇಳುವಂತೆ ಅದು ಅರಸನ ವಿನೋದ. ಉಳುವ ಎತ್ತಿಗೆ, ಯುದ್ಧದ ಕುದುರೆಗೆ ವೈದ್ಯದ ಹೊತ್ತಿಗೆ ಬಂತು. ಹಟ್ಟಿ ಕಾಯುವ ನಾಯಿಯ ವೈದ್ಯ ಕುರುಬನ ಬಾಯಲ್ಲಿ ಉಳಿಯಿತು.

(ಇಲ್ಲೊಂದು ಅಡ್ಡಮಾತು. ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲವರೆಗೂ ಹೋದ ನಾಯಿಯ ಕತೆ ಎಲ್ಲರಿಗೂ ಗೊತ್ತು. ಆದರೆ ನಮ್ಮ ಗದುಗಿನ ಭಾರತದಲ್ಲಿ ಆ ನಾಯಿ ಇಲ್ಲ. ಕುಮಾರವ್ಯಾಸ ವೀರನಾರಾಯಣನ ಗುಡಿಯಲ್ಲಿ ಬರೆದದ್ದು ಮೊದಲ ಹತ್ತು ಪರ್ವ, ನಾಯಿ ಬರುವುದು ಹದಿನೇಳನೆಯದರಲ್ಲಿ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರೈಸಿದ. ಗದಗಿನಲ್ಲಿ ನಾಯಿಗೆ ಆಗಲೂ ಜಾಗ ಸಿಗಲಿಲ್ಲ ಎಂದು ನಾವು ಗೆಳೆಯರ ಮುಂದೆ ತಮಾಷೆ ಮಾಡುತ್ತೇವೆ.)

ಜಾಗ ಸಿಕ್ಕಿದ್ದು ತುಂಗಭದ್ರೆಯ ಆಚೆ. ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿಯ ಸೇತುವೆ ದಾಟಿದರೆ ಹಡಗಲಿ ಸೀಮೆ, ಅಲ್ಲಿ ಮೈಲಾರ. ಭರತ ಹುಣ್ಣಿಮೆಯ ಜಾತ್ರೆಗೆ, ಕಾರ್ಣಿಕ ಕೇಳಲಿಕ್ಕೆ ನಮ್ಮ ಕಡೆಯಿಂದ ಇವತ್ತಿಗೂ ಬಂಡಿ ಕಟ್ಟಿಕೊಂಡು ಹೋಗುವವರಿದ್ದಾರೆ. ಕರಿ ಕಂಬಳಿ ಹೊದ್ದು ಡಮರುಗ ಹಿಡಿದ ಗೊರವಯ್ಯಗಳು ಅಲ್ಲಿ ಮೈಲಾರಲಿಂಗನ ನಾಯಿಗಳು. ಬೊಗಳುತ್ತಾರೆ, ಭಕ್ತರು ದೋಣಿ ತುಂಬಿಸಿದರೆ ಬಾಗಿ ಬಾಯಿಂದಲೇ ತಿನ್ನುತ್ತಾರೆ. ದೋಣಿಗೆ ಬೀಳುವುದು ಹಾಲು, ತುಪ್ಪ, ಬಾಳೆಹಣ್ಣು. ಭಕ್ತಿಗೆ ಅದು ಸರಿ. ಮನೆಯ ನಾಯಿಗೂ ಪ್ರೀತಿಯೆಂದರೆ ಹಾಲು ಎಂದು ನಾವು ನಂಬಿರುವುದಕ್ಕೆ ದೋಣಿಯೇ ಕಾರಣ ಎನ್ನಲಾರೆವು, ಆದರೆ ನಂಬಿಕೆ ಗಟ್ಟಿಯಾಗಿದೆ. ವಾಸ್ತವದಲ್ಲಿ ತಾಯಿ ಬಿಟ್ಟ ಮೇಲೆ ಬಹಳ ನಾಯಿಗಳಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ. ಭೇದಿ ಹತ್ತಿದ ನಾಯಿಗೆ ಬಟ್ಟಲು ಹಾಲು ಇಟ್ಟರೆ ಭೇದಿ ಹೆಚ್ಚುತ್ತದೆ. ಮಜ್ಜಿಗೆ ವಾಸಿ, ಯಾಕೆಂದರೆ ಹೆಪ್ಪಿನಲ್ಲಿ ಆ ಸಕ್ಕರೆ ಸ್ವಲ್ಪ ಕರಗಿರುತ್ತದೆ, ನೀರೂ ಬೆರೆತಿರುತ್ತದೆ. ಅವ್ವನ ಲೆಕ್ಕ ಅಷ್ಟರಮಟ್ಟಿಗೆ ಸರಿಯೇ ಇತ್ತು.

ರೊಟ್ಟಿಯ ವಿಷಯಕ್ಕೂ ಹೀಗೇ. ನಾಯಿ ಮಾಂಸ ತಿನ್ನುವ ಪ್ರಾಣಿ, ಅದಕ್ಕೆ ಜೋಳದ ರೊಟ್ಟಿ ಹಾಕಿ ಹೊಟ್ಟೆ ಕೆಡಿಸುತ್ತೀರಿ ಎಂದು ಪೇಟೆಯ ಅಂಗಡಿಗಳಲ್ಲಿ ಈಗ ಹೇಳುತ್ತಾರೆ, ಹೇಳುತ್ತಲೇ ಪ್ಯಾಕೆಟ್ ಮಾರುತ್ತಾರೆ. 2013ರಲ್ಲಿ ಸ್ವೀಡನ್ನಿನ ಉಪ್ಸಾಲದ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಬರೆದದ್ದು ಬೇರೆ. ಪಿಷ್ಟ ಕರಗಿಸುವ ಅಮೈಲೇಸ್ ಎಂಬ ಕಿಣ್ವದ ಜೀನ್ ತೋಳದಲ್ಲಿ ಎರಡು ಪ್ರತಿ ಇದ್ದರೆ ನಾಯಿಯಲ್ಲಿ 4ರಿಂದ 30ರವರೆಗೆ ಇದೆ. ಮನುಷ್ಯ ಬೇಸಾಯ ಹಿಡಿದ ಮೇಲೆ ಅವನ ಒಲೆಯ ಮಗ್ಗುಲಲ್ಲಿ ಉಳಿದ ತಳಿಗಳ ಹೊಟ್ಟೆಯೇ ಬದಲಾಯಿತು ಎಂದು ಅದರ ಅರ್ಥ. ಕಪ್ಪತಗುಡ್ಡದಲ್ಲಿ ತೋಳವೂ ಇದೆ, ಅದನ್ನು ಓಡಿಸುವ ಹಟ್ಟಿ ನಾಯಿಯೂ ಇದೆ. ಎರಡರ ನಡುವಿನ ವ್ಯತ್ಯಾಸದಲ್ಲಿ ಒಂದು ಪಾಲು ರೊಟ್ಟಿಯದ್ದು. ಹಾಗೆಂದು ಬರೀ ರೊಟ್ಟಿ ಸಾಕೆಂದಲ್ಲ. ಹಟ್ಟಿಯ ನಾಯಿ ಇಲಿ, ಮೊಲ, ಸತ್ತ ಕುರಿ ಏನಾದರೂ ಹುಡುಕಿಕೊಳ್ಳುತ್ತದೆ. ಕಟ್ಟಿಹಾಕಿದ ನಮ್ಮ ನಾಯಿಗೆ ಆ ದಾರಿ ಇಲ್ಲ.

ಶಿರಹಟ್ಟಿಯ ಕಡೆ ಕುರಿ ಬಿಟ್ಟುಕೊಂಡು ಬಂದಿದ್ದ ಅಜ್ಜ ಒಬ್ಬರ ಜೊತೆ ನಾವು ಒಂದು ಸಂಜೆ ಕಳೆದೆವು. ನಾಯಿಗೆ ಹೊಟ್ಟೆ ಕೆಟ್ಟರೆ ಏನು ಮಾಡುತ್ತೀರಿ ಅಜ್ಜಾರ ಎಂದು ಕೇಳಿದ್ದಕ್ಕೆ, "ಏನೂ ಮಾಡಂಗಿಲ್ಲ ತಮ್ಮಾ. ಒಂದ್ ಹೊತ್ತು ರೊಟ್ಟಿ ಹಾಕಂಗಿಲ್ಲ, ನೀರು ಇಡ್ತೀವಿ. ಅದು ತನ್ನ ಹೊಟ್ಟಿ ತಾನ ನೋಡ್ಕೊಂತೈತಿ" ಎಂದರು. ನಾವು ಕೇಳಿದ ನಾಟಿ ಔಷಧಗಳಲ್ಲೆಲ್ಲ ಒಳ್ಳೆಯದು ಇದು. ಡಾಕ್ಟರನ್ನು ಕೇಳಿದರೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತಾರೆ: ಬೆಳೆದ ನಾಯಿ, ಚುರುಕಾಗಿದೆ, ಒಂದೆರಡು ಸಲ ಕಾರಿಕೊಂಡಿದೆ ಅಥವಾ ತೆಳ್ಳಗೆ ಹೋಗಿದೆ ಎಂದರೆ ಒಂದೆರಡು ಹೊತ್ತು ಹೊಟ್ಟೆಗೆ ಬಿಡುವು, ಸ್ವಲ್ಪ ಸ್ವಲ್ಪವೇ ನೀರು. ಆಮೇಲೆ ಉಪ್ಪು ಖಾರ ಇಲ್ಲದ ಮೆತ್ತನೆಯ ಅನ್ನ. ಅದಕ್ಕೆ ಬೇಯಿಸಿದ ಕುಂಬಳಕಾಯಿ, ಇಲ್ಲವೇ ಎಲುಬು ಚರ್ಮ ತೆಗೆದು ಬೇಯಿಸಿದ ಕೋಳಿ. ನಾಲ್ಕು ಸಲ, ಮುಷ್ಟಿಯಷ್ಟು. ಎರಡು ಮೂರು ದಿನದಲ್ಲಿ ಹಳೆಯ ಊಟಕ್ಕೆ ಮೆಲ್ಲಗೆ ತರುವುದು. ಮರಿಗೆ ಮಾತ್ರ ಉಪವಾಸ ಕೂಡದು. ಅದರ ಮೈಯಲ್ಲಿ ಸಕ್ಕರೆ ಬೇಗ ಇಳಿಯುತ್ತದೆ.

ಗರಿಕೆಯದ್ದು ಅರ್ಧ ನಿಜ. ಕ್ಯಾಲಿಫೋರ್ನಿಯದ ಡೇವಿಸ್ ವಿಶ್ವವಿದ್ಯಾಲಯದ ಬೆಂಜಮಿನ್ ಹಾರ್ಟ್ ಅವರ ತಂಡ ಒಂದೂವರೆ ಸಾವಿರಕ್ಕೂ ಹೆಚ್ಚು ನಾಯಿ ಸಾಕಿದವರನ್ನು ಕೇಳಿ 2008ರಲ್ಲಿ ಪ್ರಕಟಿಸಿದ ಪ್ರಕಾರ, ಹುಲ್ಲು ತಿನ್ನುವ ಮೊದಲು ಕಾಯಿಲೆ ಇದ್ದಂತೆ ಕಂಡ ನಾಯಿಗಳು ನೂರಕ್ಕೆ ಹತ್ತಕ್ಕಿಂತ ಕಡಿಮೆ, ತಿಂದ ಮೇಲೆ ಕಾರಿಕೊಳ್ಳುವವು ಕಾಲು ಭಾಗಕ್ಕಿಂತ ಕಡಿಮೆ. ತೋಳಗಳೂ ಹುಲ್ಲು ತಿನ್ನುತ್ತವೆ. ಹುಲ್ಲು ಔಷಧವೂ ಅಲ್ಲ, ರೋಗದ ಗುರುತೂ ಅಲ್ಲ, ಬಹುಪಾಲು ಸುಮ್ಮನೆ ಅಭ್ಯಾಸ. "ಗರಿಕಿ ತಿಂದೈತಿ, ಬಿಡ್ರಿ" ಎಂಬ ಮಾತಿನ ಮೊದಲರ್ಧಕ್ಕೆ ನಮ್ಮ ತಕರಾರಿಲ್ಲ. ಕರಿಯ ಗರಿಕೆ ತಿಂದಿದ್ದನ್ನು ನಾವು ಯಾರೂ ನೋಡಿರಲಿಲ್ಲ, ಆದರೂ "ಬಿಡ್ರಿ" ಎಂದಿದ್ದಕ್ಕೆ ಬಿಟ್ಟೆವು.

ಇನ್ನು ಕೆಲವು ಔಷಧಗಳು ದನದಿಂದ ನಾಯಿಗೆ ಇಳಿದವು. ದನಕ್ಕೆ ಬಿದಿರಿನ ಗೊಟ್ಟದಲ್ಲಿ ಔಷಧ ಹಾಕುವುದು ನಮ್ಮಲ್ಲಿ ಹಳೆಯ ಪದ್ಧತಿ. ಅದೇ ಧೈರ್ಯದಲ್ಲಿ ನಾಯಿಯ ಬಾಯಿ ಅಗಲಿಸಿ ಹರಳೆಣ್ಣೆ ಸುರಿಯುವವರನ್ನು ನೋಡಿದ್ದೇವೆ. ಸುಸ್ತಾದ ನಾಯಿಗೆ ಸುರಿದದ್ದು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯಬಹುದು. ಅದಕ್ಕಿಂತ ಕೆಟ್ಟದ್ದು ಉಳ್ಳಾಗಡ್ಡಿ. ಗದಗ ಜಿಲ್ಲೆ ಉಳ್ಳಾಗಡ್ಡಿ ಬೆಳೆಯುವ ಜಿಲ್ಲೆ, ನಮ್ಮ ಹೊಟ್ಟೆನೋವಿಗೆ ಅದರ ರಸ ಕುಡಿದವರು ನಾಯಿಗೂ ಕುಡಿಸುತ್ತಾರೆ. ಉಳ್ಳಾಗಡ್ಡಿ ಬಳ್ಳೊಳ್ಳಿ ಎರಡೂ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಒಂದೆರಡು ದಿನ ಏನೂ ಕಾಣುವುದಿಲ್ಲ, ಆಮೇಲೆ ಒಸಡು ಬಿಳಿಚುತ್ತದೆ, ಮೂತ್ರ ಕಂದಾಗುತ್ತದೆ. ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತದೆ. ಮನುಷ್ಯರ ನೋವಿನ ಮಾತ್ರೆ, ಪ್ಯಾರಾಸಿಟಮಾಲ್ ಆಗಲಿ ಐಬುಪ್ರೊಫೆನ್ ಆಗಲಿ, ಅರ್ಧ ಮುರಿದು ಕೊಟ್ಟರೂ ಕೆಡುಕೇ. ಮಿರ್ಚಿ ಭಜಿಯ ಎಣ್ಣೆ ಕಾಗದ ನೆಕ್ಕಿದ ನಾಯಿ ಮರುದಿನ ಕಾರಿಕೊಂಡರೆ ಅದಕ್ಕೆ ಔಷಧ ಹುಡುಕುವುದೇ ಬೇಡ, ಕಾಗದ ಎಸೆಯುವ ಜಾಗ ಬದಲಿಸಬೇಕು.

ಮುಧೋಳ ನಾಯಿ ಸಾಕಿದವರಿಗೆ ಬೇರೆಯೇ ಒಂದು ಎಚ್ಚರ ಬೇಕು. ಬಾಗಲಕೋಟೆ ಜಿಲ್ಲೆಯ ಆ ತಳಿ 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು, ಈಗ ಗದಗಿನಲ್ಲೂ ಸಾಕುವವರಿದ್ದಾರೆ. ಎದೆಗೂಡು ಆಳವಾದ ಇಂಥ ತಳಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳಬಹುದು. ಕಾರಲು ಮತ್ತೆ ಮತ್ತೆ ಹೊರಡುತ್ತದೆ, ಏನೂ ಬರುವುದಿಲ್ಲ, ಹೊಟ್ಟೆ ತಮಟೆಯಂತೆ ಬಿಗಿಯುತ್ತದೆ. ಅದಕ್ಕೆ ಅಜವಾನವಿಲ್ಲ, ಸೋಡಾ ಇಲ್ಲ. ಉಳಿದಿರುವುದು ಕೆಲವೇ ತಾಸು, ಬೇಕಾದದ್ದು ಶಸ್ತ್ರಚಿಕಿತ್ಸೆ.

ಕುರಿಹಟ್ಟಿಯ ಬಗ್ಗೆ ಇನ್ನೊಂದು ಮಾತು ಹೇಳದೆ ಹೋದರೆ ಅಜ್ಜನ ಬಗ್ಗೆ ಬರೀ ಹೊಗಳಿಕೆಯಾದೀತು. ಕುರಿ ಕೊಯ್ದಾಗ ನೀರುಗುಳ್ಳೆ ಇದ್ದ ಪಿತ್ತಜನಕಾಂಗ, ಪುಪ್ಪುಸಗಳನ್ನು ನಾಯಿಗೆ ಎಸೆಯುವುದು ಎಲ್ಲ ಕಡೆ ರೂಢಿ. ಆ ಗುಳ್ಳೆಯೊಳಗಿಂದ ನಾಯಿಯ ಕರುಳಿಗೆ ಚಿಕ್ಕ ಲಾಡಿಹುಳ ಸೇರುತ್ತದೆ. ನಾಯಿಗೆ ಅದರಿಂದ ಹೆಚ್ಚೇನೂ ತೊಂದರೆ ಕಾಣದು. ಅದರ ಮಲದ ತತ್ತಿ ನಮ್ಮ ಬಾಯಿಗೆ ಹೋದರೆ ನಮ್ಮ ಪಿತ್ತಜನಕಾಂಗದಲ್ಲಿ ಅದೇ ಗುಳ್ಳೆ ಬೆಳೆಯುತ್ತದೆ. ಕುರಿಯನ್ನೇ ನಂಬಿದ್ದ ಐಸ್‌ಲ್ಯಾಂಡಿನಲ್ಲಿ ಇದು ಮನೆಮನೆಯ ರೋಗವಾಗಿತ್ತು. 1860ರ ದಶಕದಲ್ಲಿ ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ ಎಂಬ ವೈದ್ಯ ಅಲ್ಲಿಗೆ ಹೋಗಿ ನೋಡಿ, ಜನರಿಗೆ ಅರ್ಥವಾಗುವ ಕಿರುಪುಸ್ತಕ ಬರೆದು ಹಂಚಿಸಿದ. ಗುಳ್ಳೆಗಳನ್ನು ಸುಡಿ, ಹೂಳಿ, ನಾಯಿಗೆ ಹಾಕಬೇಡಿ ಎಂಬುದು ಅದರ ಸಾರ. ಓದು ಬರುತ್ತಿದ್ದ ಜನ ಓದಿದರು, ಮುಂದೆ ಕಾನೂನೂ ಬಂತು, ರೋಗ ಆ ದ್ವೀಪದಿಂದಲೇ ಹೋಯಿತು. ಪತ್ರಿಕೋದ್ಯಮ ಓದಿದ ನಮಗೆ ಈ ಕತೆ ಬಲು ಇಷ್ಟ.

ನಮ್ಮ ಕಡೆ ಬ್ರಿಟಿಷರ ಕಾಲಕ್ಕೆ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮುಂಬಯಿ ಪಶುವೈದ್ಯ ಕಾಲೇಜು 1886ರಲ್ಲಿ ಶುರುವಾಯಿತು. ಸರ್ಕಾರದ ಚಿಂತೆ ಮೊದಲು ಸೈನ್ಯದ ಕುದುರೆ, ಆಮೇಲೆ ದನಗಳಿಗೆ ಬರುತ್ತಿದ್ದ ದೊಡ್ಡರೋಗ. ಎತ್ತು ಸತ್ತರೆ ಬಿತ್ತನೆ ನಿಲ್ಲುತ್ತದೆ, ಕಂದಾಯ ನಿಲ್ಲುತ್ತದೆ. ನಾಯಿ ಸತ್ತರೆ ಏನೂ ನಿಲ್ಲುವುದಿಲ್ಲ. ದೊಡ್ಡರೋಗ 2011ರಲ್ಲಿ ಜಗತ್ತಿನಿಂದಲೇ ಹೋಯಿತು, ಅದು ಸಣ್ಣ ಸಾಧನೆಯಲ್ಲ. ಆದರೆ ಊರಿನ ಪಶು ಆಸ್ಪತ್ರೆ ಎಂದರೆ ದನದ ದವಾಖಾನೆ ಎಂಬ ಮಾತು ನಮ್ಮ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಕರಿಯನನ್ನು ಮೊದಲ ದಿನ ಅಲ್ಲಿಗೆ ಒಯ್ಯಲು ನಾವು ನಾಚಿದ್ದೂ ಅದಕ್ಕೇ. ಹತ್ತಿರದಲ್ಲಿ ಯಾರೂ ಇರಲಿಲ್ಲ ಎನ್ನುವಂತಿಲ್ಲ, ಗದಗಿನಲ್ಲೇ ಈಗ ಪಶುವೈದ್ಯ ಮಹಾವಿದ್ಯಾಲಯ ಇದೆ.

ಅಜ್ಜನ ಉಪವಾಸ, ಅವ್ವನ ಮಜ್ಜಿಗೆ ಇವೆಲ್ಲ ಕೆಟ್ಟ ಊಟಕ್ಕೆ, ಜಾತ್ರೆಯ ಹೋಳಿಗೆಗೆ, ಬಿಸಿಲಿಗೆ ಕಂಡುಕೊಂಡ ಔಷಧಗಳು. ಪಾರ್ವೊ ಅವರ ಕಾಲದ ರೋಗವೇ ಅಲ್ಲ. ನಾಯಿಗಳನ್ನು ಕೊಲ್ಲುವ ಈ ವೈರಸ್ಸು ಜಗತ್ತಿನ ಕಣ್ಣಿಗೆ ಬಿದ್ದದ್ದು 1978ರಲ್ಲಿ, ಬೆಕ್ಕುಗಳ ಹಳೆಯ ವೈರಸ್ಸೊಂದರ ಸಂಬಂಧಿ. ಎರಡೇ ವರ್ಷದಲ್ಲಿ ಖಂಡಗಳನ್ನು ದಾಟಿತು, 1980ರ ದಶಕದ ಆರಂಭದಲ್ಲಿ ಭಾರತದಲ್ಲೂ ವರದಿಯಾಯಿತು. ಅಜ್ಜ ಹುಡುಗನಾಗಿದ್ದಾಗ ಹಟ್ಟಿಯ ಮರಿಗಳು ಸಾಯುತ್ತಿರಲಿಲ್ಲ ಎಂದಲ್ಲ, ಆದರೆ ಹೀಗೆ, ಈ ರೋಗದಿಂದ ಸಾಯುತ್ತಿರಲಿಲ್ಲ. ನೂರಾರು ವರ್ಷ ಕೆಲಸ ಮಾಡಿದ ಕ್ರಮ ಒಂದು ದಿನ ಕೆಲಸ ನಿಲ್ಲಿಸಿತು, ಅದನ್ನು ಯಾರೂ ಹಟ್ಟಿಗೆ ಬಂದು ಹೇಳಲಿಲ್ಲ. ಈ ವೈರಸ್ಸು ಕರುಳಿನ ಒಳಪದರವನ್ನೇ ತಿನ್ನುತ್ತದೆ, ರಕ್ತದ ಬಿಳಿ ಕಣಗಳನ್ನು ಇಳಿಸುತ್ತದೆ. ಅನ್ನ ಮಜ್ಜಿಗೆ ಅರಗಿಸಿಕೊಳ್ಳಲು ಅಲ್ಲಿ ಕರುಳೇ ಸರಿಯಿರುವುದಿಲ್ಲ. ಮರಿಯನ್ನು ಉಳಿಸುವುದು ರಕ್ತನಾಳಕ್ಕೆ ಹೋಗುವ ಸಲೈನ್ ಮತ್ತು ಮೊದಲ ಒಂದೆರಡು ದಿನ. ಆ ದಿನಗಳನ್ನು ನಾವು ಮಜ್ಜಿಗೆಗೆ ಕೊಟ್ಟೆವು.

ಆದ್ದರಿಂದ ಮನೆಮದ್ದಿನ ಮೊದಲು ನೋಡಬೇಕಾದದ್ದು ನಾಯಿಯನ್ನು. ಮರಿಯೇ? ಲಸಿಕೆ ಆಗಿಲ್ಲವೇ? ನೀರೂ ನಿಲ್ಲುತ್ತಿಲ್ಲವೇ? ಭೇದಿಯಲ್ಲಿ ರಕ್ತವೇ, ಒಸಡು ಬಿಳಿಚಿದೆಯೇ, ಹೆಗಲ ಮೇಲಿನ ಚರ್ಮ ಎತ್ತಿ ಬಿಟ್ಟರೆ ಹಾಗೇ ನಿಲ್ಲುತ್ತದೆಯೇ? ಇದರಲ್ಲಿ ಒಂದಕ್ಕೆ ಹೌದು ಎಂದರೂ ಅಡುಗೆಮನೆಗೆ ಹೋಗದೆ ಆಟೊ ಹಿಡಿಯಿರಿ. ಯಾವುದೂ ಅಲ್ಲದಿದ್ದರೆ ಅಜ್ಜನ ಮಾತು ಕೇಳಿ.

ಕರಿಯ ಸತ್ತ ಮೇಲೆ ಡಾಕ್ಟರು ಇನ್ನೊಂದು ಮಾತು ಹೇಳಿದ್ದರು: ಈ ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಬೇಗ ಮತ್ತೊಂದು ಮರಿ ತರಬೇಡಿ. ಬಚ್ಚಲಿಗೆ ಹಾಕುವ ಬ್ಲೀಚನ್ನು ನೀರಿಗೆ ಬೆರೆಸಿ ಅಂಗಳದ ಕಲ್ಲು, ಬಟ್ಟಲು, ಸರಪಳಿ ಎಲ್ಲ ತೊಳೆದೆವು. ಸುಮಾರು ಒಂದು ವರ್ಷ ಕಾದೆವು. ಈಗ ಕೆಂಚಿ ಬಂದಿದೆ, ಅದೇ ಹಟ್ಟಿಯಿಂದ. ಆರು ವಾರಕ್ಕೆ ಮೊದಲ ಲಸಿಕೆ ಹಾಕಿಸಿದೆವು, ನಾಲ್ಕು ವಾರ ಬಿಟ್ಟು ಇನ್ನೊಂದು, ಹದಿನಾರು ವಾರ ತುಂಬುವವರೆಗೆ ಮುಂದುವರಿಸಬೇಕು. ಮರಿ ತರಲು ಹೋದಾಗ ಅಜ್ಜನ ಉಳಿದ ಮೂರು ಮರಿಗಳಿಗೂ ಹಾಕಿಸೋಣವೇ ಎಂದು ಕೇಳಿದೆವು. ಅಜ್ಜ ಸ್ವಲ್ಪ ಹೊತ್ತು ಯೋಚಿಸಿ, "ನಾಳೆ ನಾವು ಮುಂಡರಗಿ ಕಡೆ ಹೊಂಟೀವಿ. ಅಲ್ಲಿಗೆ ಬರ್ತಾರೇನು?" ಎಂದರು. ಮರುದಿನ ಬೆಳಿಗ್ಗೆ ಅಲ್ಲಿನ ಆಸ್ಪತ್ರೆಗೆ ಫೋನು ಮಾಡಿದೆವು. ಮರಿಗಳನ್ನು ಬುಟ್ಟಿಯಲ್ಲಿ ತನ್ನಿ ಎಂದರು. ಬುಟ್ಟಿ ನಾವು ಕೊಂಡೊಯ್ದೆವು.